ಸಿಂಗಾರಿ ಉಂಡ ದಿನ

ಹತ್ತಿರ ಬನ್ನಿ, ಹಿಂದೆ ಕೂತವರಿಗೆ ಕೇಳಿಸಲ್ಲ. ಕಟ್ಟಿಕೊಂಡ ಬುತ್ತಿ ಮುಗಿದರೂ ದಾರಿ ಮುಗಿಯದಷ್ಟು ದೂರದಲ್ಲಿ ಕಣಜಗಿರಿ ಅಂತ ಒಂದು ರಾಜ್ಯವಿತ್ತು. ಪುಟ್ಟ ರಾಜ್ಯ. ಈ ಗಡಿಯಲ್ಲಿ ಕೋಳಿ ಕೂಗಿದರೆ ಆ ಗಡಿಯವರು ಏಳುತ್ತಿದ್ದರು. ಅದನ್ನು ನೀಲಾಜಿ ಎಂಬ ರಾಣಿ ಆಳುತ್ತಿದ್ದಳು. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪನ ಕಿರೀಟ ಅವಳಿಗೆ ದೊಡ್ಡದು, ತಲೆ ಬಗ್ಗಿಸಿದಾಗಲೆಲ್ಲ ಹುಬ್ಬಿನ ಮೇಲೆ ಜಾರುತ್ತಿತ್ತು.

ಆ ಅರಮನೆಯಲ್ಲಿ ಒಂದು ಹಾವಿತ್ತು. ಹೆದರಬೇಡಿ, ಕೇರೆ ಹಾವು, ವಿಷವಿಲ್ಲ. ಹೆಸರು ಸಿಂಗಾರಿ. ಹಳೇ ರಾಜ ಮರಿಯಿಂದ ಸಾಕಿದವಳು. ರಾಜ್ಯದ ಬಿತ್ತನೆ ಬೀಜವೆಲ್ಲ ಒಂದೇ ಕಣಜದಲ್ಲಿತ್ತು, ಆ ಕಣಜಕ್ಕೆ ಸಿಂಗಾರಿಯೇ ಕಾವಲು. ಅವಳು ಹರಿದಾಡಿದ ಕಡೆ ಇಲಿ ಮೂಗು ಸಹ ತೂರಿಸುತ್ತಿರಲಿಲ್ಲ. ಅದಕ್ಕೇ ಅಲ್ಲಿಯವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಮುಂಗಾರಿಗೆ ಮುಂಚೆ ಸಿಂಗಾರಿ ಅರಮನೆಯಲ್ಲಿ ಊಟ ಮಾಡಬೇಕು. ಕಾವಲಿನವಳು ಉಂಡ ಮೇಲೆಯೇ ಕಣಜದ ಬಾಗಿಲು ತೆರೆದು ಬೀಜ ಹಂಚಬೇಕು. ಇನ್ನೂ ಒಂದು ಮಾತಿತ್ತು. ಆಳುವವರ ಆರೈಕೆ ಕೆಟ್ಟು ಸಿಂಗಾರಿ ಸತ್ತರೆ ಅವರು ಸಿಂಹಾಸನ ಬಿಟ್ಟು ಇಳಿಯಬೇಕು.

ಆ ವರ್ಷ ಸಿಂಗಾರಿ ಉಣ್ಣಲೇ ಇಲ್ಲ.

ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಕಣಜದ ಮುಂದೆ ಜನ ಖಾಲಿ ಚೀಲ ಹಿಡಿದು ಬಂದು ಕೂತರು. ಹೊಲ ಹದವಾಗಿತ್ತು, ಎತ್ತು ಹೂಡಿಯಾಗಿತ್ತು, ಬೀಜ ಮಾತ್ರ ಬೀಗದ ಹಿಂದೆ. ನೀಲಾಜಿ ಹಾವನ್ನು ತೊಡೆಯ ಮೇಲೆ ಹಾಕಿಕೊಂಡು, "ಉಣ್ಣೇ ನನ್ನವ್ವ, ಒಂದು ತುತ್ತು ಉಣ್ಣೇ" ಅಂತ ಬೇಡುತ್ತಿದ್ದಳು. ತಲೆ ಸವರುವಳು, ಬೆನ್ನು ಸವರುವಳು, ಎತ್ತಿ ಭುಜದ ಮೇಲೆ ಹಾಕಿಕೊಳ್ಳುವಳು. ಪಾಪ, ಪ್ರೀತಿಯೇನೋ ಬೆಟ್ಟದಷ್ಟಿತ್ತು. ಸಿಂಗಾರಿ ಮಾತ್ರ ಮುಖ ತಿರುಗಿಸುತ್ತಿದ್ದಳು.

ಈಗ ರಾಣಿಯ ಚಿಕ್ಕಪ್ಪ ಕೆಂಚನಾಯಕನ ವಿಷಯ ಕೇಳಿ. ಅವನು ಮಾತಾಡಿದರೆ ಬೆಲ್ಲ ಸುರಿಯುತ್ತಿತ್ತು, ಕಣ್ಣು ಮಾತ್ರ ಸದಾ ಸಿಂಹಾಸನದ ಮೇಲೆ.

"ಮಗಳೇ, ಹಾವಿಗೆ ಹಾಲೆರೆಯೋದು ನಮ್ಮ ಹಿರಿಯರ ಪದ್ಧತಿ. ಹಾಲು ತರಿಸು. ಊರೆಲ್ಲ ನೋಡಲಿ, ಡೋಲು ಬಾರಿಸಲಿ," ಅಂದ.

ನೀಲಾಜಿ ಒಪ್ಪಿದಳು. ಬೆಳ್ಳಿ ಬಟ್ಟಲಲ್ಲಿ ನೊರೆಹಾಲು ಬಂತು. ಡೋಲು ಬಡಿದರು. ಸುತ್ತ ಕಾಲು, ಸುತ್ತ ಕಣ್ಣು. ಸಿಂಗಾರಿ ಬಟ್ಟಲಿಗೆ ಬೆನ್ನು ಹಾಕಿದಳು. ರಾಣಿ ಆತುರದಿಂದ ಅವಳ ತಲೆ ಹಿಡಿದು ಹಾಲಿಗೆ ಅದ್ದಿದಳು. ಹಾವಿನ ಮೂಗಿನಿಂದ ಹಾಲಿನ ಗುಳ್ಳೆ ಬಂತು. ಉಸಿರು ಕಟ್ಟಿ ಒದ್ದಾಡಿದಳು. ರಾಣಿ ಗಾಬರಿಬಿದ್ದು ಕೈಬಿಟ್ಟಳು.

"ಹಾಲು ಸೇರಲಿಲ್ಲವೋ? ಹಾಗಾದರೆ ಬಾಯಿ ಬಿಡಿಸಿ ತುರುಕೋಣ. ಹಠ ಮಾಡೋ ಮಕ್ಕಳಿಗೆ ಹಾಗೇ ತಾನೇ ಉಣಿಸೋದು?" ಅಂದ ಚಿಕ್ಕಪ್ಪ.

ಅದಕ್ಕೂ ಒಪ್ಪಿದಳು. ಇಬ್ಬರು ಜಟ್ಟಿಗಳು ಹಿಡಿದರು. ದಂತದ ಕಡ್ಡಿಯಿಂದ ಬಾಯಿ ಬಿಡಿಸಿ ಸತ್ತ ಕಪ್ಪೆಯೊಂದನ್ನು ತುರುಕಿದರು. ಸಿಂಗಾರಿ ಅದನ್ನು ಹೊರಗೆ ಹಾಕಿದಳು, ಅದರ ಜೊತೆ ಒಂದು ಹನಿ ರಕ್ತವೂ ಬಂತು. ಆ ಹನಿ ನೋಡಿದ್ದೇ ನೀಲಾಜಿ ಜಟ್ಟಿಗಳ ಕೈ ಬಿಡಿಸಿದಳು. ಯಾರು ಹೇಳಿದರೂ ಕೇಳದೆ ಹಾವನ್ನೆತ್ತಿಕೊಂಡು ಒಳಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಳಗೆ ರಾಣಿಯನ್ನು ಎತ್ತಿ ಆಡಿಸಿ ಸಾಕಿದ ಮುದುಕಿ ಸಾತವ್ವ ರಾಗಿ ಕೇರುತ್ತಿದ್ದಳು.

"ಸಾತವ್ವ, ನನ್ನ ಕೈಯಾರೆ ಇದನ್ನ ಕೊಲ್ತಾ ಇದೀನಿ," ಅಂತ ನೀಲಾಜಿ ಅತ್ತಳು. "ಅಪ್ಪ ಹೇಗೆ ಉಣಿಸ್ತಿದ್ದ?"

"ಅಯ್ಯೋ, ಯಾರಿಗೆ ಗೊತ್ತವ್ವ? ನಿಮ್ಮಪ್ಪ ಪರದೆ ಎಳೆದುಕೊಂಡುಬಿಡ್ತಿದ್ದ. ಉಸಿರು ಸಹ ಕೇಳಿಸ್ತಿರಲಿಲ್ಲ. ನಾವೆಲ್ಲ, ರಾಜ ಒಳಗೆ ನಿದ್ದೆ ಹೊಡೀತಾನೆ ಅಂತ ನಗ್ತಿದ್ವಿ."

ನೀಲಾಜಿ ಕಣ್ಣೊರೆಸಿಕೊಂಡಳು. ಹಾವನ್ನು ನೆಲದ ಮೇಲೆ ಬಿಟ್ಟಳು. ಮೊದಲ ಬಾರಿಗೆ ತನ್ನ ಎರಡು ಕೈಯನ್ನೂ ಕಂಕುಳಲ್ಲಿ ಅವುಚಿಕೊಂಡು ಸುಮ್ಮನೆ ನೋಡುತ್ತ ಕೂತಳು. ಎಷ್ಟು ಕಷ್ಟ ಅಂತೀರಿ! ಮುಟ್ಟದೆ ಕೂರೋದು ಅವಳಿಗೆ ಗೊತ್ತೇ ಇರಲಿಲ್ಲ.

ನೋಡನೋಡುತ್ತ ಒಂದೊಂದೇ ಕಾಣಿಸಿತು. ಸಿಂಗಾರಿಯ ಬಣ್ಣ ಮಾಸಿತ್ತು. ಕಣ್ಣಿಗೆ ಗಂಜಿಯ ತಿಳಿಯಂಥ ಮಸುಕು ಕಟ್ಟಿತ್ತು. ಕಾಲಿನ ಸದ್ದಾದರೆ ಬೆಚ್ಚುತ್ತಿದ್ದಳು. ನೆರಳು ಬಿದ್ದರೆ ಸುತ್ತಿಕೊಳ್ಳುತ್ತಿದ್ದಳು.

"ಕಣ್ಣು ಹೋಯ್ತೇನೋ," ಅಂದಳು ಸಾತವ್ವ.

"ಕಣ್ಣು ಸರಿಯಾಗಿ ಕಾಣದವಳ ಸುತ್ತ ನಾವು ಡೋಲು ಬಡಿದೆವಲ್ಲೇ," ಅಂದಳು ರಾಣಿ. ಎದ್ದು ಅಪ್ಪನ ಹಳೇ ಪರದೆ ಹುಡುಕಿ ಎಳೆದಳು. ಮೂಲೆಯಲ್ಲಿ ಮಡಕೆಯೊಂದನ್ನು ಬೋರಲು ಹಾಕಿ, ಬಾಯಿಯ ಅಂಚು ಒಡೆದು ನುಸುಳಲು ದಾರಿ ಮಾಡಿದಳು. ಪಕ್ಕದಲ್ಲಿ ನೀರು, ಮಡಕೆ ಅಲುಗದಂತೆ ಒತ್ತಿಟ್ಟ ಒಂದು ಒರಟು ಕಲ್ಲು. ಅಷ್ಟೇ. ಆಮೇಲೆ ದೂರ ಕೂತಳು.

ಅವತ್ತು ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಹೊರಗೆ ಜನ ಗೊಣಗುತ್ತಿದ್ದರು, ಮೋಡ ಗುಡುಗುತ್ತಿತ್ತು. ಆಮೇಲೊಂದು ಬೆಳಗ್ಗೆ ಮಡಕೆಯೊಳಗಿಂದ ಸಿಂಗಾರಿ ಬಂದಳು. ಕಣ್ಣು ತಿಳಿಯಾಗಿತ್ತು. ಮೂತಿಯನ್ನು ಕಲ್ಲಿಗೆ ಮೆಲ್ಲನೆ ಉಜ್ಜಿದಳು. ತುಟಿಯ ಅಂಚಿನಲ್ಲಿ ಪೊರೆ ಬಿಚ್ಚಿಕೊಂಡಿತು. ಹಾವು ಮುಂದಕ್ಕೆ ಹರಿಯಿತು, ಹಳೇ ಮೈ ಹಿಂದಕ್ಕೆ ಉಳಿಯಿತು. ಕುತ್ತಿಗೆ, ಬೆನ್ನು, ಬಾಲದ ತುದಿ. ಕಣ್ಣಿನ ಮೇಲಿನ ಪೊರೆ ಸಹ ಎರಡು ಪುಟ್ಟ ಬಿಲ್ಲೆಗಳಾಗಿ ಅದರಲ್ಲೇ ಇತ್ತು. ಹೊಸ ಸಿಂಗಾರಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದಳು.

ನೀಲಾಜಿಗೆ ಮೈಯೆಲ್ಲ ಜುಮ್ಮೆಂದಿತು. ತನಗಿಂತ ದೊಡ್ಡದೊಂದು ಕೆಲಸ ತನ್ನ ಮನೆಯ ಮೂಲೆಯಲ್ಲೇ ನಡೆಯುತ್ತಿತ್ತು, ತಾನು ಅದರ ಮಧ್ಯೆ ಹಾಲಿನ ಬಟ್ಟಲು ಹಿಡಿದು ನಿಂತಿದ್ದೆನಲ್ಲ ಅನ್ನಿಸಿತು. ಜಾರಿದ ಕಿರೀಟವನ್ನು ತೆಗೆದು ಪಕ್ಕಕ್ಕಿಟ್ಟು, ನೆಲಕ್ಕೆ ಹಣೆ ಹಚ್ಚಿ ಕೈಮುಗಿದಳು.

ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದು. ಹೊರಗೆ ಬಂದರೆ ಅಂಗಳದ ತುಂಬ ಜನ. ಮುಂದೆ ಕೆಂಚನಾಯಕ, ಅವನ ಕೈಯಲ್ಲಿ ಮುಚ್ಚಿದ ಬಿದಿರಿನ ಬುಟ್ಟಿ.

"ಮಗಳೇ, ಜನ ಎಷ್ಟು ಕಾಯಬೇಕು? ನೋಡು, ಒಳ್ಳೇ ಊಟ ತಂದಿದೀನಿ. ಹೆಗ್ಗಣ. ಸಾಧು ಪ್ರಾಣಿ, ಹಲ್ಲುದುರಿದ ಮುದಿಯ. ಹಾವನ್ನ ಈ ಬುಟ್ಟಿಗೆ ಬಿಟ್ಟು ಮುಚ್ಚಳ ಬಿಗಿದುಬಿಡು. ತಪ್ಪಿಸಿಕೊಳ್ಳೋಕೆ ಜಾಗ ಇಲ್ಲದಿದ್ರೆ ತಿಂದೇ ತಿನ್ನುತ್ತೆ."

"ಬಿಡಿ ತಾಯಿ, ಬಿಡಿ!" ಅಂತ ಜನ ಕೂಗಿದರು. ಬೀಜದ ಚಿಂತೆ ಅವರದು, ತಪ್ಪೇನಿಲ್ಲ.

ಬುಟ್ಟಿಯೊಳಗಿಂದ ಕರ್ ಕರ್ ಅಂತ ಸದ್ದು. ನೀಲಾಜಿ ಬಗ್ಗಿ ನೋಡಿದಳು. ಬಿದಿರಿನ ಒಂದು ಪಟ್ಟೆ ಹೊಸದಾಗಿ ಕಡಿದುಹೋಗಿತ್ತು. ಹಲ್ಲಿಲ್ಲದ ಮುದಿಯ ಬಿದಿರು ಕಡಿಯುತ್ತದೆಯೇ? ಅವಳಿಗೆ ಅರ್ಥವಾಯಿತು. ಹೊಸ ಪೊರೆಯ ಹಾವು, ಉಪವಾಸದಿಂದ ಬಡಕಲಾದದ್ದು, ಓಡಲು ಜಾಗವಿಲ್ಲದ ಬುಟ್ಟಿ. ತಿನ್ನುವವಳು ಸಿಂಗಾರಿಯಲ್ಲ.

ಆದರೆ ಅವಳು ಕೋಪ ತೋರಿಸಲಿಲ್ಲ. ಜಾಣೆ.

"ಆಗಲಿ ಚಿಕ್ಕಪ್ಪ," ಅಂದಳು. "ನಾನು ಚಿಕ್ಕವಳಿದ್ದಾಗ ಈ ಸಾತವ್ವ ನನಗೆ ಗಂಜಿ ಉಣಿಸ್ತಿದ್ದಳು. ಮೊದಲು ತನ್ನ ತುಟಿಗೆ ಮುಟ್ಟಿಸಿ ಬಿಸಿ ನೋಡಿ ಆಮೇಲೆ ನನ್ನ ಬಾಯಿಗೆ. ಸಿಂಗಾರಿಗೂ ಹಾಗೇ ಮಾಡೋಣ. ನೀವು ತಿನ್ನಬೇಡಿ. ಬುಟ್ಟಿಯೊಳಗೆ ಸುಮ್ಮನೆ ಒಂದು ಕೈ ಇಡಿ."

ಕೆಂಚನಾಯಕ ನಕ್ಕ. "ಕೈತುಂಬ ಉಂಗುರ ಇದೆಯಲ್ಲ ಮಗಳೇ, ಪಾಪ ಅದಕ್ಕೆ ಚುಚ್ಚುತ್ತೆ."

"ಉಂಗುರ ತೆಗೀರಿ."

ತೆಗೆದ. "ಕೈ ಕೊಳಕಾಗಿದೆ ಕಣಮ್ಮ."

"ಸಾತವ್ವ, ನೀರು ತಾ."

ತೊಳೆದ. "ಬಲಗೈ ಉಳುಕಿದೆ, ಬೆಳಗ್ಗೆಯಿಂದ ಎತ್ತೋಕಾಗ್ತಿಲ್ಲ."

"ಎಡಗೈ ಇದೆಯಲ್ಲ ಚಿಕ್ಕಪ್ಪ."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಕೆಂಚನಾಯಕ ಮುಚ್ಚಳವನ್ನು ಒಂದು ಬೆರಳಷ್ಟು ಸರಿಸಿದ. ಒಳಗಿನಿಂದ ಹೆಗ್ಗಣ ಬುಸ್ಸೆಂದು ಎಗರಿ ಮುಚ್ಚಳಕ್ಕೆ ಹಲ್ಲು ಹಾಕಿತು. ಅವನು ಬುಟ್ಟಿ ಎಸೆದು ಹಿಂದಕ್ಕೆ ಬಿದ್ದ.

"ಆಗಲ್ಲ, ಆಗಲ್ಲ! ವಾರದಿಂದ ಉಪವಾಸ ಕೆಡವಿದೀನಿ, ಮೂಳೆ ಬಿಡದೆ ತಿಂದುಬಿಡುತ್ತೆ!"

ಹೆಗ್ಗಣ ಬುಟ್ಟಿಯಿಂದ ಹಾರಿ ಗೋಡೆ ಸಂದಿಗೆ ಓಡಿತು.

ಸಾತವ್ವ ಕೇಳಿದಳು, "ಉಪವಾಸ ಕೆಡವಿದ್ದು ಯಾಕಪ್ಪ?"

ಕೆಂಚನಾಯಕ ಎದ್ದು ಮೆಲ್ಲಗೆ ಬಾಗಿಲ ಕಡೆ ಸರಿದ. ಜನ ದಾರಿ ಬಿಡಲಿಲ್ಲ.

ನೀಲಾಜಿ ಜನರ ಕಡೆ ತಿರುಗಿದಳು. "ನೀವು ಕಾದಿದೀರಿ, ನನಗೆ ಗೊತ್ತು. ಇನ್ನೊಂದು ಘಳಿಗೆ ಕಾಯಿರಿ. ಡೋಲು ಬೇಡ, ಮಾತು ಬೇಡ. ಚಪ್ಪಲಿ ಬಿಟ್ಟು ಕೂತುಬಿಡಿ."

ಒಳಗೆ ಹೋದಳು. ಅಡುಗೆಮನೆಯ ಬೋನಿನಲ್ಲಿ ಅವತ್ತೇ ಸತ್ತು ಬಿದ್ದಿದ್ದ ಒಂದು ಸಣ್ಣ ಇಲಿಯನ್ನು ತಂದಳು. ಸಿಂಗಾರಿಯ ಹೊಟ್ಟೆ ಬತ್ತಿದೆ, ದೊಡ್ಡದು ಬೇಡ ಅಂದುಕೊಂಡಳು. ತಣ್ಣಗಿದ್ದದ್ದನ್ನು ಒಲೆಯ ಬದಿಯಲ್ಲಿಟ್ಟು ಬೆಚ್ಚಗೆ ಮಾಡಿದಳು. ತನ್ನ ಅಂಗೈ ಮೇಲಿಟ್ಟು ಬಿಸಿ ನೋಡಿದಳು. ಉದ್ದನೆಯ ಚಿಮಟದಲ್ಲಿ ಹಿಡಿದು ಮಡಕೆಯ ಮುಂದೆ ಇಟ್ಟಳು. ಪರದೆ ಎಳೆದಳು. ಸೆರಗು ಬಾಯಿಗೊತ್ತಿಕೊಂಡು ಪರದೆಯ ಸೀಳಿನಿಂದ ನೋಡಿದಳು.

ಸಿಂಗಾರಿಯ ನಾಲಗೆ ಬಂತು, ಗಾಳಿಯನ್ನು ನೆಕ್ಕಿತು. ತಲೆ ಬಂತು. ನಿಂತಳು. ನೀಲಾಜಿಯ ಎದೆ ಡೋಲಿಗಿಂತ ಜೋರಾಗಿ ಬಡಿಯುತ್ತಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಿಂಗಾರಿ ಇಲಿಯನ್ನು ಹಿಡಿದಿದ್ದಳು. ಆಮೇಲೆ ಅವಸರವೇ ಇಲ್ಲ. ಎರಡು ಬೆರಳಿನಷ್ಟು ಸಣ್ಣ ತಲೆ, ಅದರ ದವಡೆ ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು ನಡೆಯುತ್ತ ನಡೆಯುತ್ತ ಅಗಲವಾಯಿತು. ತನ್ನ ತಲೆಗಿಂತ ದಪ್ಪದ್ದನ್ನು ಕೈಯಿಲ್ಲದೆ, ಕಾಲಿಲ್ಲದೆ ಒಳಗೆ ಕರೆದುಕೊಂಡಿತು. ಗಂಟಲು ಉಬ್ಬಿತು, ಉಬ್ಬು ಕೆಳಗಿಳಿಯಿತು. ಕೊನೆಗೆ ಸಿಂಗಾರಿ ಒಂದು ಸಲ ದೊಡ್ಡದಾಗಿ ಬಾಯಿ ತೆರೆದು, ದವಡೆ ಸರಿಮಾಡಿಕೊಂಡು, ಮಡಕೆಯೊಳಗೆ ಹೋದಳು.

ಎತ್ತಿ ಮುದ್ದಾಡಬೇಕು ಅಂತ ರಾಣಿಯ ಕೈ ತುಡಿಯಿತು. ಉಂಡವಳನ್ನು ಅಲುಗಿಸಬಾರದು ಅಂತ ಕೈ ಕಟ್ಟಿಕೊಂಡಳು. ಹೊರಗೆ ಬಂದಾಗ ಅವಳ ಕೆನ್ನೆ ಒದ್ದೆಯಾಗಿತ್ತು, ತಲೆ ಮೇಲೆ ಕಿರೀಟವೂ ಇರಲಿಲ್ಲ. ಸಾವಿರ ಜನ ಅವಳ ಮುಖ ನೋಡಿ ಮೆಲ್ಲಗೆ ಎದ್ದುನಿಂತು ಕೈಮುಗಿದರು. ಕಣಜದ ಬಾಗಿಲು ತೆರೆಯಿತು. ಕೊನೆಯ ಚೀಲ ತುಂಬುವ ಹೊತ್ತಿಗೆ ಮೊದಲ ಹನಿ ಬಿತ್ತು.

ಕೆಂಚನಾಯಕನನ್ನು ರಾಣಿ ಗಡಿಪಾರು ಮಾಡಲಿಲ್ಲ. ಅಡುಗೆಮನೆಯಲ್ಲಿ ಇಲಿ ಬೋನು ಇಡುವ, ಬಿಚ್ಚುವ ಕೆಲಸ ಕೊಟ್ಟಳು. ದಿನವೂ ಬೋನಿನೊಳಗೆ ಮೊದಲು ಅವನದೇ ಕೈ. ಪಾಪ, ಎಷ್ಟು ಜೋಪಾನವಾಗಿ ಇಡುವುದನ್ನು ಕಲಿತನೋ!

ನನ್ನ ಕಥೆ ಇಲ್ಲಿಗೆ ಬಂದು ಕೂತಿತು. ಇನ್ನು ನೀತಿ ಕೇಳಿಕೊಂಡು ಮನೆಗೆ ಹೋಗಿ. ಉಣಿಸುವವರು ತಮ್ಮ ಆತುರ ಬಿಟ್ಟು ಉಣ್ಣುವವರ ಹಸಿವಿಗೆ ಕಾಯಬೇಕು. ಮತ್ತೆ, ನಿಮ್ಮ ಕೈ ಇಡಲು ಅಂಜುವ ಜಾಗಕ್ಕೆ ಇನ್ನೊಂದು ಜೀವವನ್ನು ಯಾವತ್ತೂ ತಳ್ಳಬೇಡಿ.