ಬಿಸಿನೀರಿನ ಬುಗ್ಗೆಗೆ ಹೋದ ಕಲ್ಲುಕುಟಿಗ

"ಗುರುಗಳೇ, ನೋವೇ ಇಲ್ಲದ ನೆಲೆಯೊಂದು ಸಿಕ್ಕರೆ ಮನುಷ್ಯನಿಗೆ ಮತ್ತೇನು ಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಕಲ್ಲುಕುಟಿಗನಿದ್ದ. ಬಹುಕಾಲ ಮಂಡಿಯೂರಿ ಕಲ್ಲು ಕಡೆದು ಅವನ ಮಂಡಿಗಳು ಹಿಡಿದುಕೊಂಡಿದ್ದವು. ಎದ್ದರೆ ನೋವು, ಕೂತರೆ ನೋವು, ಹಾಸಿಗೆಯಲ್ಲಿ ಹೊರಳಿದರೂ ನೋವು. ಬೆಟ್ಟಗಳಾಚೆಯ ಕಾಡಿನಲ್ಲಿ ಬಿಸಿನೀರಿನ ಬುಗ್ಗೆಯೊಂದಿದೆ, ಅದಕ್ಕಿಳಿದರೆ ಎಂಥ ನೋವೂ ಉಳಿಯುವುದಿಲ್ಲ ಎಂದು ಯಾರೋ ಹೇಳಿದರು. ಹೋಗಿ ಬಂದವರು ಯಾರು ಎಂದು ಅವನು ಕೇಳಲಿಲ್ಲ. ಬುತ್ತಿ ಕಟ್ಟಿಕೊಂಡು ಹೊರಟ. ಅವನು ಸಾಕಿದ ನಾಯಿಯೂ ಜೊತೆಗೆ ಹೊರಟಿತು.

ಕಾಡು ದಟ್ಟವಾದಂತೆ ಹಕ್ಕಿಗಳ ದನಿ ನಿಂತಿತು. ಅಷ್ಟು ದೂರ ಮುಂದೆ ಮುಂದೆ ಓಡುತ್ತಿದ್ದ ನಾಯಿ ಈಗ ಅವನ ಕಾಲಿಗೆ ಅಂಟಿಕೊಂಡೇ ನಡೆಯಿತು.

ಬೆಟ್ಟದ ಬುಡದಲ್ಲಿ ಹಬೆ ಕಾಣಿಸಿತು. ಹಬೆಯೊಳಗೆ ಒಂದು ಕೊಳ. ಕೊಳದಲ್ಲಿ ಹಲವರು ಕತ್ತಿನವರೆಗೆ ಮುಳುಗಿ, ಕಣ್ಣು ಮುಚ್ಚಿ ಕುಳಿತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ದಡದಲ್ಲಿ ಅವರು ಕಳಚಿಟ್ಟ ಬಟ್ಟೆಗಳ ಮೇಲೆ ಪಾಚಿ ಬೆಳೆದಿತ್ತು.

ನಾಯಿ ಅವನ ಪಂಚೆಯ ಅಂಚು ಕಚ್ಚಿ ಎಳೆಯಿತು. ಅವನು ಗದರಿಸಿ ಬಿಡಿಸಿಕೊಂಡು ನೀರಿಗಿಳಿದ.

ಇಳಿದ ಕೂಡಲೇ ನೋವು ನಿಂತಿತು. ಎಷ್ಟೋ ವರ್ಷಗಳ ಮೇಲೆ ಮಂಡಿ ಹಗುರಾಯಿತು. ಅವನಿಗೆ ಅಳುವೇ ಬಂತು. ಕಣ್ಣು ಮುಚ್ಚಿದ. ಎಷ್ಟು ಹೊತ್ತು ಹಾಗಿದ್ದನೋ ತಿಳಿಯದು. ಎಲ್ಲೋ ಬಹಳ ದೂರದಲ್ಲಿ ನಾಯಿ ಬೊಗಳುವುದು ಕೇಳಿಸಿತು.

"ಯಾರದಮ್ಮ ಆ ನಾಯಿ?" ಎಂದು ಪಕ್ಕದಲ್ಲಿದ್ದ ಮುದುಕಿಯನ್ನು ಕೇಳಿದ.

ಮುದುಕಿ ಕಣ್ಣು ತೆರೆಯಲಿಲ್ಲ. "ನಿನ್ನದೇ ಇರಬೇಕಪ್ಪ. ನನಗೂ ಮೊದಮೊದಲು ಯಾರೋ ಅಳುವುದು ಕೇಳಿಸುತ್ತಿತ್ತು. ಸ್ವಲ್ಪ ತಾಳು, ನಿಂತುಹೋಗುತ್ತದೆ."

ಆ ಬಿಸಿನೀರಿನಲ್ಲೂ ಅವನ ಮೈ ತಣ್ಣಗಾಯಿತು. ನಾಯಿಯನ್ನು ಕರೆಯಲು ಬಾಯಿ ತೆರೆದ. ಹೆಸರು ನೆನಪಾಗಲಿಲ್ಲ. ಗಾಬರಿಯಿಂದ ತನ್ನ ಹೆಸರನ್ನು ನೆನೆದು ನೋಡಿದ. ಅದೂ ಬರಲಿಲ್ಲ.

ಅಷ್ಟರಲ್ಲಿ ಹಬೆ ಕೊಂಚ ಸರಿಯಿತು. ನಾಯಿ ದೂರದಲ್ಲಿರಲಿಲ್ಲ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಕೊಳದ ಅಂಚಿನ ಬಂಡೆ ಒಲೆಯ ಮೇಲಿನ ಹೆಂಚಿನಂತೆ ಕಾದಿತ್ತು. ನಾಯಿ ಒಂದು ಕಾಲನ್ನು ಎತ್ತಿ ಇನ್ನೊಂದನ್ನು ಊರುತ್ತ, ಬೆಂದ ಪಾದಗಳಲ್ಲೇ ನಿಂತು ಬೊಗಳುತ್ತಿತ್ತು. ಬೆನ್ನ ಹಿಂದೆಯೇ ಮರದ ನೆರಳಿತ್ತು. ಅದು ಅಲ್ಲಿಗೆ ಹೋಗಿರಲಿಲ್ಲ.

ಕಲ್ಲುಕುಟಿಗ ಎದ್ದ. ಯಾರೂ ಅವನನ್ನು ತಡೆಯಲಿಲ್ಲ. ಯಾರೂ ತಿರುಗಿ ಸಹ ನೋಡಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. ದಡಕ್ಕೆ ಕಾಲಿಟ್ಟ ಗಳಿಗೆಯಲ್ಲೇ ಮಂಡಿಯ ನೋವು ಮರಳಿತು, ಅದರೊಡನೆ ಹೆಸರುಗಳೂ ಮರಳಿದವು. ಅವನು ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು, ಬಂಡೆ ಹಿಡಿದು, ಮರ ಹಿಡಿದು ಕಾಡು ದಾಟಿದ.

ವಾಸಿಯಾಗಲು ಹೋದವನು ಕುಂಟುತ್ತಲೇ ಬಂದನಲ್ಲ ಎಂದು ಊರವರು ನಕ್ಕರು. ಅವನು ಜಗಲಿಯಲ್ಲಿ ಕೂತು ನಾಯಿಯ ಪಾದಗಳಿಗೆ ಬೆಣ್ಣೆ ಹಚ್ಚುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಆ ಮುದುಕಿ ಏನಾದಳು, ಗುರುಗಳೇ?" ಎಂದು ಶಿಷ್ಯ ಮೆಲ್ಲಗೆ ಕೇಳಿದ.

"ನೀನು ಮನೆ ಬಿಟ್ಟು ಬರುವಾಗ ಬಾಗಿಲಲ್ಲಿ ನಿಂತು ಅಳುತ್ತ ಕೂಗಿದವರು ಯಾರು, ಮಗು?" ಎಂದರು ಗುರುಗಳು.

ಶಿಷ್ಯ ತಿರುಗಿ ತನ್ನೂರಿನ ದಾರಿಯತ್ತ ನೋಡಿದ.