ಮಗ್ಗಿಯೊಳಗಿನ ಕೆಮ್ಮು

“ತಾಯಿ, ಕಲಿಸುವವಳು ಕಾಯಿಲೆ ಬಿದ್ದರೆ ಅದು ಕಳ್ಳತನವೇ?”

ಹೀಗೆ ಕೇಳಿದವಳು ಮಹಾನಂದಾ. ಪಕ್ಕದ ಊರಿನ ಶಾಲೆಯ ಶಿಕ್ಷಕಿ. ಕೇಳಿದ್ದು ಮಠದ ತಾಯಿಯನ್ನು. ಅವಳ ಕೈಹಿಡಿದು ಮೊದಲ ಅಕ್ಷರ ತಿದ್ದಿಸಿದವರು ಅವರೇ.

ಮಹಾನಂದಾ ಜ್ವರವೆಂದು ರಜೆ ಹಾಕಿ ಮಲಗಿದ್ದಳು. ಊರವರು ಕಿಟಕಿಯಲ್ಲಿ ಇಣುಕಿ ನೋಡಿ ಹೋಗಿದ್ದರು. “ಬೇಸಿಗಿ ರಜಾ ಆತು, ದಸರಾ ರಜಾ ಆತು, ಈಗ ಜ್ವರದ ರಜಾ” ಎಂದು ಕಟ್ಟೆಯ ಮೇಲೆ ಕೂತವರು ನಕ್ಕಿದ್ದರು. ನಾಳೆ ಬೆಳಿಗ್ಗೆ ಶಾಲೆಯ ಸಮಿತಿಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕೆಂದು ಹೇಳಿಕಳಿಸಿದ್ದರು. ಜ್ವರ ಇನ್ನೂ ಬಿಟ್ಟಿರಲಿಲ್ಲ.

“ಒಂದು ಮಾತು ಅಂದುಬಿಟ್ಟರೆ ಮುಗಿದುಹೋಗುತ್ತದೆ ಅನ್ನುತ್ತಾರೆ. ಅಂದುಬಿಡಲೇ?”

ತಾಯಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕತೆ ಹೇಳಿದರು.

ಒಂದು ಊರು. ಆ ಊರಿಗೆ ಸರ್ಕಾರದ ಶಾಲೆ ಇನ್ನೂ ಬಂದಿರಲಿಲ್ಲ. ಒಬ್ಬ ಹೆಂಗಸು ಗುಡಿಯ ಪೌಳಿಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಓದು, ಮಗ್ಗಿ ಕಲಿಸುತ್ತಿದ್ದಳು. ಅವಳಿಗೆ ಯಾರೂ ಕಲಿಸಿರಲಿಲ್ಲ. ತವರಿನಲ್ಲಿ ಅಣ್ಣತಮ್ಮಂದಿರು ಓದುವಾಗ ಬಾಗಿಲ ಹಿಂದೆ ನಿಂತು, ಬೆಲ್ಲ ಕಟ್ಟಿಕೊಟ್ಟ ಕಾಗದ ಬಿಡಿಸಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಕಲಿತವಳು. ಆದ್ದರಿಂದ ತಾನು ಕಲಿತದ್ದರ ಮೇಲೆ ಅವಳಿಗೆ ಹೆಮ್ಮೆ ಇತ್ತು. ಕೊಂಚ ಹೆಚ್ಚೇ ಇತ್ತು. ಊರವರು ಅವಳನ್ನು ಅಕ್ಕೋರು ಎನ್ನುತ್ತಿದ್ದರು. ಸುಗ್ಗಿಗೊಮ್ಮೆ ಮನೆಮನೆಯಿಂದ ಇಷ್ಟಿಷ್ಟು ಜೋಳ ಕೊಡುತ್ತಿದ್ದರು.

ಅಕ್ಕೋರು ಕಲಿಸುವ ಬಗೆ ಒಂದೇ. ತಾನು ಒಂದು ಸಾಲು ಹೇಳಬೇಕು, ಮಕ್ಕಳೆಲ್ಲ ಒಟ್ಟಾಗಿ ಅದನ್ನೇ ಹೇಳಬೇಕು. “ನಾ ಹೆಂಗ ಅಂತೀನಿ, ಹಂಗ ಅನ್ರಿ. ಒಂದು ಹೆಚ್ಚ ಬ್ಯಾಡ, ಒಂದು ಕಡಿಮಿ ಬ್ಯಾಡ” ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡುತ್ತಿದ್ದಳು. ಮಕ್ಕಳ ದನಿ ಪೌಳಿ ದಾಟಿ ಹೊಲದ ತನಕ ಕೇಳುತ್ತಿತ್ತು. ಊರವರಿಗೆ ಅಕ್ಷರ ಗೊತ್ತಿರಲಿಲ್ಲ. ಅವರು ಕಲಿಕೆಯನ್ನು ಕಿವಿಯಿಂದಲೇ ಅಳೆಯುತ್ತಿದ್ದರು. ಗದ್ದಲ ಕೇಳಿದರೆ ಅಕ್ಕೋರು ದುಡಿಯುತ್ತಿದ್ದಾಳೆ. ಕೇಳದಿದ್ದರೆ ಇಲ್ಲ.

ಒಂದು ಚಳಿಗಾಲ ಅವಳಿಗೆ ಜ್ವರ ಬಂತು, ಜೊತೆಗೆ ಎದೆ ಹಿಂಡುವ ಕೆಮ್ಮು. ಅವಳು ಮಕ್ಕಳನ್ನು ಮನೆಗೆ ಕಳಿಸಿ ಕೌದಿ ಹೊದ್ದು ಮಲಗಿದಳು.

ಪೌಳಿಯಿಂದ ದನಿ ಬರಲಿಲ್ಲ. ಊರು ಕಿವಿ ನಿಮಿರಿಸಿತು.

ಮೊದಲು ಬಂದವರು ಹೆಂಗಸರು. ಒಬ್ಬಳು ಹಣೆ ಮುಟ್ಟಿ ನೋಡಿದಳು. “ಬಿಸಿ ಅದ, ಆದರ ಭಾಳೇನಿಲ್ಲ” ಎಂದಳು. ಇನ್ನೊಬ್ಬಳು ನೆಟ್ಟಗೆ ಅಡುಗೆಮನೆಗೆ ಹೋಗಿ ಒಲೆಯ ಬೂದಿ ಮುಟ್ಟಿ ನೋಡಿದಳು. ಬೂದಿ ಬೆಚ್ಚಗಿತ್ತು. ಅಕ್ಕೋರು ಗಂಜಿ ಕಾಯಿಸಿಕೊಂಡಿದ್ದಳು.

“ಒಲಿ ಹಚ್ಚ್ಯಾಳವ್ವಾ! ಒಲಿ ಊದಾಕ ಉಸಿರ ಐತಿ, ಮಗ್ಗಿ ಹೇಳಾಕ ಇಲ್ಲ.”

“ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವಿಯಿಲ್ಲ” ಎಂದು ಮೊದಲಿನವಳು ಗಾದೆ ಹೇಳಿದಳು. ಇಬ್ಬರೂ ನಗುತ್ತ ಹೋದರು. ಗಾದೆ ನೆಗಡಿಯ ಪರವಾಗಿದೆ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಅಕ್ಕೋರಿಗೆ ಹೊಳೆಯಿತು. ಆದರೆ ಹೇಳಲು ಬಾಯಿ ತೆರೆದರೆ ಕೆಮ್ಮು ಬಂತು.

ಆಮೇಲೆ ಗೌಡ ಬಂದ, ಅಂಗಡಿಕಾರನೂ ಬಂದ. ಅಂಗಡಿಕಾರನ ಮಗಳು ಪೌಳಿಯಲ್ಲಿ ಕಲಿಯುತ್ತಿದ್ದಳು. ಚುರುಕು ಹುಡುಗಿ. ಊರಿನಲ್ಲಿ ಹೆಣ್ಣುಮಗುವನ್ನು ಕಲಿಯಲು ಕಳಿಸಿದವನು ಅವನೊಬ್ಬನೇ. ಅದರ ಹೆಮ್ಮೆ ಅವನಿಗೂ ಇತ್ತು.

“ಏನ್ರಿ ಅಕ್ಕೋರೆ,” ಎಂದ ಅಂಗಡಿಕಾರ ಹೊಸ್ತಿಲಾಚೆಯೇ ನಿಂತು, “ಸುಗ್ಗ್ಯಾಗ ಜೋಳಾ ಒಯ್ಯುವಾಗ ಇಲ್ಲದ ಜ್ವರ ಈಗ ಬಂತಾ?”

“ಜ್ವರಾ ನನ್ನ ಕೇಳಿ ಬರೂದಿಲ್ಲ, ಅಣ್ಣಾ” ಎಂದಳು ಅಕ್ಕೋರು.

ಗೌಡ ನಿಧಾನಸ್ಥ. ಅವನು ಬೈಯಲಿಲ್ಲ. ತಿಳಿಹೇಳಿದ. “ನಿಮ್ಮದು ಕುಂತು ಹೇಳೂ ಕೆಲಸ. ನೇಗಿಲಾ ಹಿಡೀಬೇಕಾ, ಕಲ್ಲ ಹೊರಬೇಕಾ? ಇಲ್ಲಿ ಮಲಗೂದ ಬಿಟ್ಟು ಪೌಳ್ಯಾಗ ಕುಂದರ್ರಿ, ಅಷ್ಟ. ನಮ್ಮ ಎತ್ತು ಸೈತ ಕೆಮ್ಮಕೋತ ಗಳೇ ಎಳೀತಾವ.”

ಈ ಮಾತು ಅವಳಿಗೆ ನಾಟಿತು. ಎತ್ತಿಗೆ ಹೋಲಿಸಿದ್ದಕ್ಕಲ್ಲ. ಕುಂತು ಹೇಳುವ ಕೆಲಸ ಎಂದದ್ದಕ್ಕೆ. ಬಾಗಿಲ ಹಿಂದೆ ನಿಂತು ನಿಂತು ಕಾಲು ಬಾತವಳು ಅವಳು. ತನ್ನನ್ನು ಮೈಗಳ್ಳಿ ಎಂದು ಯಾರೂ ಅನ್ನಬಾರದು ಎಂದು ಹಟ ಹಿಡಿದಳು. ಹಟ ಒಳ್ಳೆಯದೇ. ಆದರೆ ಅದನ್ನು ಯಾರ ಮೇಲೆ ಹೂಡಬೇಕು ಎಂಬುದರಲ್ಲಿ ಅವಳು ಎಡವಿದಳು. ಊರಿನ ಮೇಲೆ ಹೂಡುವುದನ್ನು ಬಿಟ್ಟು ತನ್ನ ಮೈಮೇಲೆ ಹೂಡಿದಳು. ಮರುದಿನ ಗೋಡೆ ಹಿಡಿದು ಎದ್ದು, ಕೌದಿ ಸುತ್ತಿಕೊಂಡು ಪೌಳಿಗೆ ಹೋಗಿ ಕುಳಿತಳು.

ಅಂದು ಏಳರ ಮಗ್ಗಿ.

“ಏಳೊಂದ್ಲ ಏಳು” ಎಂದಳು. ಮಕ್ಕಳು ಏಳೊಂದ್ಲ ಏಳು ಎಂದರು. ಹದಿನಾಲ್ಕು ಆಯಿತು, ಇಪ್ಪತ್ತೊಂದು ಆಯಿತು. “ಏಳ್ನಾಲ್ಕ್ಲ” ಎನ್ನುವಷ್ಟರಲ್ಲಿ ಕೆಮ್ಮು ಬಂತು. ಮೂರು ಸಲ ಕೆಮ್ಮಿ, ಉಸಿರು ಎಳೆದುಕೊಂಡು, “ಇಪ್ಪತ್ತೆಂಟು” ಎಂದಳು.

ಮಕ್ಕಳೆಲ್ಲ ಒಟ್ಟಾಗಿ ಏಳ್ನಾಲ್ಕ್ಲ ಎಂದರು, ಮೂರು ಸಲ ಕೆಮ್ಮಿದರು, ಉಸಿರು ಎಳೆದುಕೊಂಡರು, ಇಪ್ಪತ್ತೆಂಟು ಎಂದರು.

ಅಕ್ಕೋರು ಬೆತ್ತ ಎತ್ತಿದಳು. ಅಣಕಿಸುತ್ತಿದ್ದಾರೆ ಎಂದುಕೊಂಡಳು. ಮುಖಗಳನ್ನು ನೋಡಿದಳು. ಒಂದು ಮುಖದಲ್ಲೂ ನಗು ಇರಲಿಲ್ಲ. ಅಂಗಡಿಕಾರನ ಮಗಳಂತೂ ಕೆಮ್ಮು ಸರಿಯಾಗಿ ಬಂತೋ ಇಲ್ಲವೋ ಎಂದು ಅಕ್ಕೋರ ಕಣ್ಣನ್ನೇ ನೋಡುತ್ತಿದ್ದಳು. ಹೇಳಿದಂತೆ ಹೇಳಿದ್ದರು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅವಳು ಬೆತ್ತ ಕೆಳಗಿಟ್ಟಳು. ತಿದ್ದಬೇಕೆಂದು ಅನಿಸಿತು. ತಿದ್ದಲು ಮತ್ತೊಂದು ಸಲ ಹೇಳಬೇಕು. ಹೇಳಿದಳು. ಮತ್ತೆ ಕೆಮ್ಮು ಬಂತು. ಮತ್ತೆ ಅವರೂ ಕೆಮ್ಮಿದರು.

ಸಂಜೆ ಮಕ್ಕಳು ಮನೆಮನೆಯಲ್ಲಿ ಮಗ್ಗಿ ಒಪ್ಪಿಸಿದರು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಂಗಡಿಕಾರ. ಬಂದ ಗಿರಾಕಿಗಳ ಮುಂದೆಲ್ಲ ಮಗಳಿಂದ ಏಳರ ಮಗ್ಗಿ ಹೇಳಿಸಿದ. “ಕೇಳ್ರಿ, ನಮ್ಮ ಅಕ್ಕೋರು ಕೆಮ್ಮ ಸೈತ ಪುಗಸಟ್ಟೆ ಕಲಸ್ಯಾರ!” ಅವಳನ್ನು ನಾಲ್ಕು ದಿನ ಮಲಗಲು ಬಿಡೋಣ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಪೌಳಿಯಿಂದ ಗದ್ದಲ ಕೇಳುತ್ತಿತ್ತಲ್ಲ. ಅಷ್ಟು ಸಾಕಾಗಿತ್ತು.

ಅವಳು ದಿನವೂ ಹೋದಳು. ಜ್ವರ ಇಳಿಯಲಿಲ್ಲ. ಎಂಟರ ಮಗ್ಗಿಗೂ ಕೆಮ್ಮು ಹತ್ತಿತು.

ಅಷ್ಟರಲ್ಲಿ ಮಕ್ಕಳಿಗೆ ನಿಜವಾದ ಕೆಮ್ಮು ಬಂತು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ? ಊರಿನ ಮಕ್ಕಳೆಲ್ಲ ಆಡುತ್ತ, ಉಣ್ಣುತ್ತ, ದನ ಕಾಯುತ್ತ ಕೆಮ್ಮುವವರೇ. ಅಂಗಡಿಕಾರನ ಮಗಳು ಚೀಲದ ಮೇಲೆ ಕೂತು ಕೆಮ್ಮಿದರೆ ಅಪ್ಪ, “ಸಾಕ ಮಾಡ ತಂಗಿ, ಪಾಠ ಮುಗೀತು. ಈಗೇನ ಗಿರಾಕಿ ಇಲ್ಲ” ಎನ್ನುತ್ತಿದ್ದ. ಹುಡುಗಿ ಸಾಕು ಮಾಡಲು ನೋಡುತ್ತಿದ್ದಳು. ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳ ತಾಯಿ ಜೋಳ ಕೇರುವುದನ್ನು ನಿಲ್ಲಿಸಿದಳು. ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಆಲಿಸಿದಳು. ಆಮೇಲೆ ಗಂಡನನ್ನು ಕೂಗಿದಳು.

“ಏ, ಇಲ್ಲಿ ಬರ್ರಿ. ಮಗ್ಗಿ ಎಲ್ಲಿ ಐತಿ? ಬರೇ ಕೆಮ್ಮ ಐತಿ.”

ಅಂಗಡಿಕಾರ ಓಡಿ ಬಂದ. ಹುಡುಗಿಯ ಮೈ ಸುಡುತ್ತಿತ್ತು. ತುಟಿ ನೀಲಿಯಾಗಿತ್ತು. ಆ ಸುದ್ದಿ ಹೋದ ಮನೆಯಲ್ಲೆಲ್ಲ ತಾಯಂದಿರು ಮಕ್ಕಳನ್ನು ಹಿಡಿದು ಎದೆಗೆ ಕಿವಿ ಇಟ್ಟರು. ಅರ್ಧ ಊರಿನ ಮಕ್ಕಳು ಹಾಸಿಗೆ ಹಿಡಿದರು.

ಊರು ಅಕ್ಕೋರ ಬಾಗಿಲಿಗೆ ಬಂತು. ಈ ಸಲ ಯಾರೂ ನಗಲಿಲ್ಲ, ಹಣೆ ಮುಟ್ಟಲಿಲ್ಲ, ಒಲೆ ನೋಡಲಿಲ್ಲ.

“ಕೆಮ್ಮ ಇಟ್ಟಕೊಂಡು ಮಕ್ಕಳ ನಡುವ ಯಾಕ ಬಂದಿ?” ಎಂದು ಅಂಗಡಿಕಾರ ಕಿರುಚಿದ. ಬಹುವಚನ ಬಿಟ್ಟುಹೋಗಿತ್ತು. “ಕಲಿಸಾಕಿಗೆ ಅಷ್ಟೂ ತಿಳೀಬಾರದ? ನನ್ನ ಕೂಸಿಗೇನರ ಆದರ...” ಅವನು ಹೊಸ್ತಿಲ ಮೇಲೆಯೇ ಕುಸಿದು ಕುಳಿತ.

ಅಕ್ಕೋರು ಗೋಡೆಗೆ ಒರಗಿ ಕುಳಿತಿದ್ದಳು. ಆ ಹುಡುಗಿಯ ಮುಖ ಅವಳ ಕಣ್ಣ ಮುಂದೆ ಬಂತು. ಅಳಬಹುದಾಗಿತ್ತು, ಕಾಲು ಹಿಡಿಯಬಹುದಾಗಿತ್ತು. ಊರು ಅದಕ್ಕೇ ಕಾದಿತ್ತು.

“ತಪ್ಪು ನಂದೈತಿ” ಎಂದಳು.

ಗೌಡ ತಲೆಯಾಡಿಸಿದ. “ಒಪ್ಪಿಕೊಂಡಿರಲ್ಲ, ಅಷ್ಟಾತು.”

“ಪೂರಾ ಕೇಳ್ರಿ, ಗೌಡ್ರ. ನಿಮ್ಮ ಮಾತು ಕೇಳಿದ್ದು ನನ್ನ ತಪ್ಪು. ಇನ್ನ ಕೇಳೂದಿಲ್ಲ. ಜ್ವರಾ ಬಿಡೂ ತನಕಾ ಆ ಪೌಳಿ ಬಾಗಲಾ ತಗಿಯೂದಿಲ್ಲ. ನಾಳೆ ಮಳಿಗಾಲದಾಗ ಮತ್ತ ಜ್ವರಾ ಬಂದರ ಆಗೂ ತಗಿಯೂದಿಲ್ಲ.”

“ಹಂಗಾರ ಬ್ಯಾರೆ ಮಾಸ್ತರನ್ನ ತರ್ತೀವಿ.”

“ತರ್ರಿ. ಮೈ ಇಲ್ಲದ ಮಾಸ್ತರ ಸಿಕ್ಕರ ತರ್ರಿ. ಸಿಗೂ ತನಕಾ ನಾ ಮಲಗತೀನಿ.”

ಅಷ್ಟು ಹೇಳಿ, ಊರೆಲ್ಲ ನೋಡುತ್ತಿದ್ದಂತೆ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊರು ಸ್ವಲ್ಪ ಹೊತ್ತು ಅವಳ ಬೆನ್ನು ನೋಡಿತು. ಬೆನ್ನಿನೊಡನೆ ಜಗಳ ಆಡುವುದು ಹೇಗೆ? ಒಬ್ಬೊಬ್ಬರಾಗಿ ಹೋದರು. ಒಲೆಯ ಬೂದಿ ಮುಟ್ಟಿದ್ದ ಹೆಂಗಸು ಮಾತ್ರ ಹಿಂದೆ ಉಳಿದು, ಯಾರಿಗೂ ಕಾಣದಂತೆ ಒಲೆ ಹಚ್ಚಿ ಗಂಜಿ ಕಾಯಿಸಿಟ್ಟು ಹೋದಳು.

ಎಲ್ಲರೂ ಹೋದ ಮೇಲೆ ಅಕ್ಕೋರು ಅತ್ತಳು. ಗಂಜಿ ಕೊಡಲು ದಿನವೂ ಬಂದ ಆ ಹೆಂಗಸನ್ನು ಅವಳು ಕೇಳುತ್ತಿದ್ದುದು ಒಂದೇ ಮಾತು: “ಕೂಸು ಹೆಂಗೈತಿ?” ಹುಡುಗಿ ಸಾವಿನ ಹೊಸ್ತಿಲಿಗೆ ಹೋಗಿ ತಿರುಗಿದಳು. ತಿರುಗಿದಳು ಎಂದು ತಿಳಿದ ದಿನ ಅಕ್ಕೋರು ಹೊಟ್ಟೆ ತುಂಬ ಉಂಡಳು. ಆದರೂ ಏಳಲಿಲ್ಲ. ಮೈಯಲ್ಲಿ ಶಕ್ತಿ ಇನ್ನೂ ಬಂದಿರಲಿಲ್ಲ. ಪೌಳಿ ಸುಮ್ಮನಿತ್ತು. ಊರು ಆ ಮೌನವನ್ನು ಕೇಳಿಸಿಕೊಂಡು ಸುಮ್ಮನಿತ್ತು. ಗೌಡ ಬೇರೆ ಮಾಸ್ತರನನ್ನು ಹುಡುಕಿಕೊಂಡು ಎರಡು ಊರು ಸುತ್ತಿ, ಬರಿಗೈಯಲ್ಲಿ ಬಂದು, ಹೋಗಿದ್ದನ್ನೇ ಯಾರಿಗೂ ಹೇಳಲಿಲ್ಲ.

ಜ್ವರ ಬಿಟ್ಟು, ಕಾಲಲ್ಲಿ ಬಲ ಬಂದ ಮೇಲೆ, ಅಕ್ಕೋರು ತಾನಾಗಿ ಪೌಳಿಯ ಬಾಗಿಲು ತೆಗೆದಳು. ಮೊದಲು ಮಾಡಿದ ಕೆಲಸ ಏಳರ ಮಗ್ಗಿಯಿಂದ ಕೆಮ್ಮು ತೆಗೆಯುವುದು. ಕಲಿಸಿದ್ದಕ್ಕಿಂತ ಕಳೆಯುವುದಕ್ಕೆ ಹೆಚ್ಚು ದಿನ ಹಿಡಿಯಿತು. ಕೆಲವರಿಂದ ಅದು ಹೋಗಲೇ ಇಲ್ಲ. ಆ ಊರಿನ ಮುದುಕರು ಇವತ್ತಿಗೂ ಇಪ್ಪತ್ತೆಂಟು ಅನ್ನುವ ಮೊದಲು ಗಂಟಲು ಸರಿ ಮಾಡಿಕೊಳ್ಳುತ್ತಾರಂತೆ.

ಅಂಗಡಿಕಾರ ಮಗಳನ್ನು ಕೈಹಿಡಿದು ಕರೆತಂದ. ಹುಡುಗಿ ಇಳಿದುಹೋಗಿದ್ದಳು. ಅವನು ತಪ್ಪಾಯಿತು ಎನ್ನಲಿಲ್ಲ. ಅನ್ನುವ ಜಾತಿಯವನಲ್ಲ. ಕಂಬದ ಹತ್ತಿರ ನಿಂತು, ನೆಲ ನೋಡುತ್ತ, ಅಷ್ಟು ದಿನ ಯಾರೂ ಕೇಳದ ಮಾತೊಂದನ್ನು ಕೇಳಿದ.

“ಆರಾಮ ಆತೇನ್ರಿ, ಅಕ್ಕೋರೆ?”

“ಆರಾಮ ಆಗೈತಿ ಅಂತನ ಬಂದೀನಿ” ಎಂದಳು ಅಕ್ಕೋರು. ಹುಡುಗಿಯನ್ನು ಹತ್ತಿರ ಕರೆದು, ಹಣೆ ಮುಟ್ಟಿ ನೋಡಿದಳು. ಮೈ ಇನ್ನೂ ಬೆಚ್ಚಗಿತ್ತು. “ಇಕಿ ಇನ್ನ ನಾಕ ದಿನಾ ಮಲಗಲಿ. ಕರಕೊಂಡ ಹೋಗ್ರಿ” ಎಂದಳು. ಅಂಗಡಿಕಾರ ಎದುರಾಡದೆ ಮಗಳನ್ನು ಹೆಗಲ ಮೇಲೆ ಎತ್ತಿಕೊಂಡು ಹೋದ.

ತಾಯಿ ಕತೆ ಮುಗಿಸಿದರು. ಮಹಾನಂದಾಳ ಕಣ್ಣುಗಳು ಜ್ವರದಿಂದಲೂ ಸಿಟ್ಟಿನಿಂದಲೂ ಕೆಂಪಾಗಿದ್ದವು. ಅವಳು ಸೆರಗು ಬಿಗಿದುಕೊಂಡು ಎದ್ದಳು.

“ತಪ್ಪಾಯಿತು ಅನ್ನುವುದಿಲ್ಲ, ತಾಯಿ. ನಾಳೆ ಬೆಳಿಗ್ಗೆ ಏಳಕ್ಕೇ ಹೋಗಿ, ಸಮಿತಿಯ ಮುಂದೆ ನಿಂತು, ಇದನ್ನೇ ಹೇಳಿಬರುತ್ತೇನೆ.”

ತಾಯಿ ಅವಳನ್ನು ನೋಡಿದರು.

“ಸುಡುವ ಮೈಯಲ್ಲಿ ಇಲ್ಲಿಗೆ ಬಂದೆ, ನಾಳೆ ಅಲ್ಲಿಗೂ ಹೋಗುತ್ತೀಯ, ನಿನಗೆ ರಜೆ ಕೊಡದವರು ಯಾರು, ಮಗಳೇ?”

ಮಹಾನಂದಾ ಬಿಗಿದ ಸೆರಗು ಸಡಿಲಿಸಿದಳು. ಅಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.