ಹಾವಿನ ಪೆಟ್ಟಿಗೆಯೂ ಕರಿ ಟೇಪೂ

ತಿಪಟೂರಿನ ವೈರಿಂಗ್ ಪಂಚಾಕ್ಷರಿಗೆ ತೂಗಾಡುವ ವೈರು ಕಂಡರೆ ಆಗುತ್ತಿರಲಿಲ್ಲ. ಮದುವೆ ಊಟಕ್ಕೆ ಹೋದರೂ ಅವನ ಕಣ್ಣು ಮೊದಲು ಗೋಡೆಯ ಮೇಲೆ. ಎಲ್ಲಾದರೂ ವೈರು ಜೋತಾಡುತ್ತಿದ್ದರೆ ಪಾಯಸ ಗಂಟಲಲ್ಲಿ ಇಳಿಯದು. ಜೇಬಿನಲ್ಲಿ ಸದಾ ಕರಿ ಟೇಪಿನ ಸುರುಳಿ. ಅಂಟಿಸಿ, ಬೆರಳಿನಿಂದ ತೀಡಿದ ಮೇಲೇ ಅವನಿಗೆ ನೆಮ್ಮದಿ.

ಇಂಥವನ ಮನೆಗೆ ಮಗಳು ವಚನಾ ಹಾವು ತಂದಳು. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವವಳು. ಹಾವು ನಮ್ಮ ಕಡೆಯದಲ್ಲ, ಆಫ್ರಿಕದ ಸಣ್ಣ ಹೆಬ್ಬಾವು. ವಿಷವಿಲ್ಲ, ಸಾಕಲು ಸರ್ಕಾರದ ಅನುಮತಿಯೂ ಇತ್ತು. ಸುತ್ತಿಕೊಂಡು ಮಲಗಿದರೆ ಬೆಲ್ಲದುಂಡೆಯಂತೆ ಕಾಣುತ್ತದೆಂದು ಅದಕ್ಕೆ ಬೆಲ್ಲ ಎಂದೇ ಹೆಸರಿಟ್ಟಿದ್ದಳು. ಪಂಚಾಕ್ಷರಿಯೋ ಹಗ್ಗ ಕಂಡರೂ ಹಾರುವ ಆಸಾಮಿ. ಈ ಮನೆಯಲ್ಲಿ ಅದಿರಬೇಕು, ಇಲ್ಲ ನಾನಿರಬೇಕು ಎಂದ. ಹಾಗಾದರೆ ನಾನೇ ಬೇರೆ ರೂಮು ನೋಡಿಕೊಳ್ಳುತ್ತೇನೆ ಎಂದಳು ಮಗಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೆಂಡತಿ ಶಿವಗಂಗಮ್ಮ ನಡುವೆ ಬಂದು, ಗಾಜಿನ ಪೆಟ್ಟಿಗೆಯನ್ನು ಹಿಂದಿನ ಕೋಣೆಯಲ್ಲಿ ಇಡಿಸಿದಳು. ಅಂದಿನಿಂದ ಅಪ್ಪ ಆ ಕೋಣೆಗೆ ಕಾಲಿಡಲಿಲ್ಲ. ಅಪ್ಪ ಮಗಳ ಮಾತೂ ಅಷ್ಟಕ್ಕಷ್ಟೇ ಆಯಿತು.

ಧನುರ್ಮಾಸದ ಚಳಿಯಲ್ಲಿ ವಚನಾ ತರಬೇತಿಗೆಂದು ಮೈಸೂರಿಗೆ ಹೋಗಬೇಕಾಯಿತು. ಹೊರಡುವಾಗ ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪಾಜಿ, ಬೆಲ್ಲನ್ನ ನೀವೇ ನೋಡ್ಕೋಬೇಕು. ಕರೆಂಟಿನ ವಿಷಯ ನಿಮ್ಮಷ್ಟು ಗೊತ್ತಿರೋರು ಮನೇಲಿ ಯಾರಿದಾರೆ?"

ಆ ಮಾತಿಗೆ ಪಂಚಾಕ್ಷರಿ ಕರಗಿಬಿಟ್ಟ. ಅವಳು ಎಲ್ಲವನ್ನೂ ತೋರಿಸಿದಳು. ಪೆಟ್ಟಿಗೆಯ ತಳದ ಹೊರಗಡೆ ಬಿಸಿಯಾಗುವ ಒಂದು ಹಾಳೆ. ಒಳಗೆ, ತೆಂಗಿನ ನಾರಿನ ಪುಡಿಯ ಮೇಲೆ, ವೈರಿನ ತುದಿಗೆ ಕಡಲೆಕಾಳಿನಷ್ಟು ಸೆನ್ಸರ್. ಸಾಕಷ್ಟು ಬೆಚ್ಚಗಾಯಿತೆಂದು ಸೆನ್ಸರ್ ಹೇಳಿದರೆ ಹಾಳೆಗೆ ಕರೆಂಟು ನಿಲ್ಲುತ್ತದೆ. ಗೀಸರಿನ ಹಾಗೇ ಎಂದು ಅವನಿಗೆ ಒಂದೇ ಏಟಿಗೆ ತಿಳಿಯಿತು. ಸೆನ್ಸರಿನ ವೈರು ಮಾತ್ರ ಪೆಟ್ಟಿಗೆಯೊಳಗೆ ಸಡಿಲವಾಗಿ ಜೋತಾಡುತ್ತಿತ್ತು. ಅದನ್ನು ನೋಡಿ ಅವನ ಕೈ ಜೇಬಿಗೆ ಹೋಯಿತು. ಮಗಳು ಇದ್ದಳೆಂದು ಸುಮ್ಮನಾದ.

ಬೆಳಿಗ್ಗೆ ಸಂಜೆ ಬಾಗಿಲಲ್ಲೇ ನಿಂತು, ಕತ್ತು ಚಾಚಿ ನೋಡಿ ಬರುತ್ತಿದ್ದ. ಒಂದು ಬೆಳಿಗ್ಗೆ ಬೆಲ್ಲ ದೂರದ ಮೂಲೆಯಲ್ಲಿ ಗಾಜಿಗೆ ಒತ್ತಿ ಮುದುರಿಕೊಂಡಿತ್ತು. ಸೆನ್ಸರು ನೀರಿನ ಬಟ್ಟಲಲ್ಲಿ ಬಿದ್ದಿತ್ತು. ಹಾವು ಓಡಾಡುವಾಗ ವೈರನ್ನು ಎಳೆದು ಹಾಕಿತ್ತು. ಪಂಚಾಕ್ಷರಿಗೆ ತಟ್ಟನೆ ಅರ್ಥವಾಯಿತು. ತಣ್ಣೀರಲ್ಲಿ ಬಿದ್ದ ಸೆನ್ಸರು ಚಳಿ ಚಳಿ ಎನ್ನುತ್ತಿದೆ, ಹಾಳೆ ಅದನ್ನು ನಂಬಿ ಕಾಯುತ್ತಲೇ ಇದೆ. ತಳ ಮುಟ್ಟಿದರೆ ಕೈ ಇಡಲಾಗಲಿಲ್ಲ. ಓಡಿ ಸ್ವಿಚ್ಚು ಆರಿಸಿದ. ಹಾವಿಗೆ ಏನೂ ಆಗಿರಲಿಲ್ಲ. ಅದು ಸತ್ತಿದ್ದರೆ, ಅಪ್ಪ ಬೇಕೆಂದೇ ಸಾಯಿಸಿದ ಎಂದುಕೊಳ್ಳದೆ ಇರುತ್ತಿದ್ದಳೇ ಮಗಳು? ಆಮೇಲೆ ಈ ಮನೆಯಲ್ಲಿ ಅವಳು ಇರುತ್ತಿದ್ದಳೇ?

ಇನ್ನು ಬಿಟ್ಟರೆ ಆಗದು ಎಂದು ಕೆಲಸದ ರಬ್ಬರ್ ಗ್ಲೌಸು ಹಾಕಿಕೊಂಡು, ಶಿವ ಶಿವಾ ಎನ್ನುತ್ತಾ ಮುಚ್ಚಳ ತೆಗೆದ. ನಾರಿನ ಪುಡಿ ಸರಿಸಿ, ವೈರನ್ನೂ ಸೆನ್ಸರನ್ನೂ ಗಾಜಿಗೆ ಉದ್ದಕ್ಕೂ ಕರಿ ಟೇಪಿನಿಂದ ಅಂಟಿಸಿದ. ತೀಡಿದ, ಸ್ವಿಚ್ಚು ಮತ್ತೆ ಹಾಕಿದ. ಹಿಂದೆ ಸರಿದು ನೋಡಿದರೆ ಎಷ್ಟು ಲಕ್ಷಣವಾಗಿತ್ತೆಂದರೆ, ಹೆಂಡತಿಯನ್ನು ಕರೆದು ತೋರಿಸಿದ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮರುದಿನ ಸಂಜೆ ನೋಡಿದರೆ ಪೆಟ್ಟಿಗೆಯ ತೇವಕ್ಕೆ ಟೇಪಿನ ಅಂಚು ಎದ್ದಿದೆ, ಅದರಡಿ ನುಗ್ಗಿದ ಬೆಲ್ಲದ ಹೊಟ್ಟೆಗೆ ಟೇಪು ಮೆತ್ತಿಕೊಂಡಿದೆ. ಅದು ಒದ್ದಾಡಿದಷ್ಟೂ ಇನ್ನಷ್ಟು ಸುತ್ತಿಕೊಳ್ಳುತ್ತಿತ್ತು. ಪಂಚಾಕ್ಷರಿ ಪ್ಲಗ್ ಕಿತ್ತು, ಟೇಪಿನ ತುದಿ ಹಿಡಿದು ಎಳೆದ. ಹಾವಿನ ಮೈ ಸೆಟೆದು ಒಂದು ಹುರುಪೆ ಟೇಪಿನ ಜೊತೆ ಎದ್ದು ಬಂತು. ಪಾಪದ ಪ್ರಾಣಿ, ಕೂಗಲು ಅದಕ್ಕೆ ದನಿಯೂ ಇಲ್ಲ.

"ರೀ, ಎಳೀಬೇಡಿ," ಎಂದಳು ಶಿವಗಂಗಮ್ಮ, ಬಾಗಿಲಿನಿಂದ. "ಕೈಗೆ ಹಲಸಿನ ಮೇಣ ಅಂಟಿದ್ರೆ ಎಳೆದು ಬಿಡಿಸ್ತೀವಾ?"

ಕೊಬ್ಬರಿ ಎಣ್ಣೆಯ ಬಟ್ಟಲು ತಂದಳು. ಗ್ಲೌಸಿನಲ್ಲಿ ಬೆರಳಿಗೆ ಅಂಚೇ ಸಿಗಲಿಲ್ಲ. ಪಂಚಾಕ್ಷರಿ ಕಣ್ಣು ಮುಚ್ಚಿ, ತೆರೆದು, ಗ್ಲೌಸು ಕಳಚಿ ಎಸೆದ. ಬರಿಗೈಯಲ್ಲಿ ಹಾವು ಹಿಡಿದ. ಅವನು ಅಂದುಕೊಂಡಂತೆ ಅದು ಜಿಗುಟಾಗಿರಲಿಲ್ಲ. ಒಣಗಿತ್ತು, ನುಣುಪಾಗಿತ್ತು. ಹೆಂಡತಿ ತೊಟ್ಟು ತೊಟ್ಟಾಗಿ ಎಣ್ಣೆ ಬಿಟ್ಟಳು, ಅವನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಟೇಪು ಬಿಡಿಸಿದ. ಬೆಲ್ಲ ಅವನ ಮಣಿಕಟ್ಟಿಗೆ ಸುತ್ತಿಕೊಂಡು, ತಲೆ ಅಂಗೈಯೊಳಗೆ ಇಟ್ಟುಕೊಂಡು ಸುಮ್ಮನಾಯಿತು. ಅದು ಹೆದರಿತ್ತೋ, ನಂಬಿತ್ತೋ, ಅವನಿಗೆ ಗೊತ್ತಾಗಲಿಲ್ಲ. ಟೇಪು ಪೂರ್ತಿ ಬಿಟ್ಟಾಗ ಅವನ ಕಣ್ಣಲ್ಲಿ ನೀರಿತ್ತು.

ಮಗಳಿಗೆ ಹೇಳದೆಯೂ ಇರಬಹುದಿತ್ತು. ಆದರೆ ಅವನೇ ಫೋನು ಮಾಡಿದ. ಆದದ್ದನ್ನೆಲ್ಲ ಹೇಳಿ, "ಬೇಕೂಂತ ಮಾಡಿದ್ದಲ್ಲ ಕಣಮ್ಮ," ಎಂದ.

ವಚನಾ ಕೇಳಿದಳು, "ಅಪ್ಪಾಜಿ, ನೀವು ಅದನ್ನ ಕೈಯಲ್ಲಿ ಹಿಡ್ಕೊಂಡ್ರಾ?"

ಗಾಯವನ್ನು ಪಶುವೈದ್ಯರಿಗೆ ತೋರಿಸಿದರು. ಸಣ್ಣದು, ಮಾಯುತ್ತದೆ ಎಂದರು. ಅಂದು ಸಂಜೆ ಪಂಚಾಕ್ಷರಿ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಟೇಪು ಮುಟ್ಟಲಿಲ್ಲ, ಬರೀ ನೋಡಿದ. ಹಾವು ಸಂದು ಕಂಡಲ್ಲಿ ನುಗ್ಗುತ್ತದೆ, ಸಡಿಲವಿದ್ದದ್ದನ್ನು ತಳ್ಳುತ್ತದೆ, ತೂಗುವುದನ್ನು ಹತ್ತುತ್ತದೆ. ಅದರ ಬಾಳೇ ಹಾಗೆ. ತಪ್ಪು ಹಾವಿನದಲ್ಲ. ಇಷ್ಟು ದಿನ ಅವನು ನೋಡಿದ್ದು ವೈರನ್ನು, ಹಾವನ್ನಲ್ಲ.

ವಚನಾ ಊರಿಗೆ ಬಂದಾಗ ಪೆಟ್ಟಿಗೆಯೊಳಗೆ ಒಂದು ವೈರೂ ಇರಲಿಲ್ಲ. ಸೆನ್ಸರು ಎಲ್ಲಿ ಎಂದು ಕೇಳಿದಳು. ಅಪ್ಪ ಬಗ್ಗಿ ತೋರಿಸಿದ. ಅದು ಹೊರಗೆ, ತಳದ ಗಾಜಿಗೂ ಬಿಸಿ ಹಾಳೆಗೂ ನಡುವೆ ಕೂತಿತ್ತು. ಕರಿ ಟೇಪೂ ಹೊರಗೇ ಇತ್ತು, ಲಕ್ಷಣವಾಗಿ. ಒಳಗಿನ ಬಿಸಿಯನ್ನು ದಿನಾ ಬೆಳಿಗ್ಗೆ ಬೇರೆ ಥರ್ಮಾಮೀಟರಿನಲ್ಲಿ ನೋಡಿ, ಮೇಲೆ ಕೈಯನ್ನೂ ಇಟ್ಟು ನೋಡುತ್ತೇನೆ ಎಂದ. ಆಮೇಲೆ ಗೋಡೆ ನೋಡುತ್ತಾ ಕೇಳಿದ, "ರೂಮು ನೋಡೋದು ಬೇಡ ಅಲ್ವೇನಮ್ಮ?"

ಮಗಳು ಬೆಲ್ಲವನ್ನು ಎತ್ತಿ ಅಪ್ಪನ ಕೈಗೆ ಕೊಟ್ಟು, ಅವನ ಪಕ್ಕದಲ್ಲೇ ಕೂತಳು.

ನೀತಿ: ಒಬ್ಬರಿಗೆ ಒಳ್ಳೆಯದು ಮಾಡಲು ಹೊರಡುವ ಮೊದಲು, ಅವರು ಹೇಗೆ ಬದುಕುತ್ತಾರೆಂದು ಕೂತು ನೋಡಬೇಕು. ನಮ್ಮ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡದ್ದು ಅವರ ಮೈಗೆ ಅಂಟಾಗಬಹುದು. ಅಂಟಿದ ಮೇಲಂತೂ ಎಳೆಯಬಾರದು. ಎಣ್ಣೆ ಹಚ್ಚಿ, ತಾಳ್ಮೆಯಿಂದ ಬಿಡಿಸಬೇಕು.